ಮೂವರು ಓದುಗರು

ಮೂರು ಎಂದಿತ್ತು. ಒಲೆಯ ಮೇಲೆ ಹಾಲು ಉಕ್ಕುವ ಹಂತಕ್ಕೆ ಬಂದಿದ್ದರೂ ಅವಳ ಕಣ್ಣು ಫೋನಿನೊಳಗಿನ ಆ ಅಂಕಿಯನ್ನು ಬಿಟ್ಟು ಕದಲಲಿಲ್ಲ. ಈವರೆಗೆ ಓದಿದವರು: ಮೂರು. ಓದುವುದಕ್ಕೆ ಅಲ್ಲಿ ಏನೂ ಇರಬಾರದಿತ್ತು. ನಿನ್ನೆ ಸಂಜೆ ಅತ್ತೆಯೂ ಗಂಡನೂ ಟೀವಿಯ ಮುಂದೆ ಕೂತಿದ್ದಾಗ, ಒಣಗಿದ ಬಟ್ಟೆ ಮಡಿಚುವ ನೆಪ ಮಾಡಿ ಮಲಗುವ ಕೋಣೆಗೆ ಹೋಗಿ, ಮಂಚದ ಅಂಚಿನಲ್ಲಿ ಕೂತು, ಹೆಬ್ಬೆರಳು ನೋಯುವ ತನಕ ತನ್ನ ಹೊಸ ಬ್ಲಾಗಿಗೆ ಬರೆದು, ಉಳಿಸಿ ಬಂದಿದ್ದಳು. ಉಳಿಸಿ ಬಂದೆ ಎಂದು ತಿಳಿದಿದ್ದಳು. ‘ಉಳಿಸು’ ಎಂಬುದು ಮಂಕಾಗಿತ್ತು, ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ನೀಲಿ ಗುಂಡಿಯೊಂದು ನನ್ನನ್ನು ಒತ್ತು ಎನ್ನುವ ಹಾಗೆ ಎದ್ದು ಕಾಣುತ್ತಿತ್ತು. ಬರೆದದ್ದೆಲ್ಲ ಹಾರಿಹೋದೀತೆಂಬ ಗಾಬರಿಯಲ್ಲಿ ಅದನ್ನೇ ಒತ್ತಿದಳು. ಖಚಿತವೇ ಎಂದು ಕೇಳಿತು. ಹೌದು ಎಂದಳು. ಅದು ಬರೆದದ್ದನ್ನು ಎಲ್ಲರಿಗೂ ಪ್ರಕಟಿಸುವ ಗುಂಡಿ ಎಂದು ಈಗ ಹೊಳೆಯಿತು. ಯಾರು ಏನು ಕೇಳಿದರೂ ಮೊದಲು ಹೌದು ಎಂದುಬಿಟ್ಟು, ಕೇಳಿದ್ದೇನು ಎಂದು ಆಮೇಲೆ ಯೋಚಿಸುವುದು ಅವಳ ಹಳೆಯ ಚಾಳಿ. ಹಾಗೆ ಹೌದು ಎಂದೇ ಮದುವೆಯಾದದ್ದು, ಹಾಗೆ ಹೌದು ಎಂದೇ ಎಷ್ಟೋ ಭಾನುವಾರಗಳನ್ನು ಹಲ್ಲು ಮಾಡುವ ಲ್ಯಾಬಿಗೆ ಕೊಟ್ಟದ್ದು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

“ಎದುರಿಗೇ ನಿಂತ್ಕೊಂಡು ಹಾಲು ಉಕ್ಕಿಸ್ತೀಯಲ್ಲೇ, ಕಣ್ಣು ಎಲ್ಲಿತ್ತು?” ಎಂದು ಹಜಾರದಿಂದ ಅತ್ತೆಯ ದನಿ ಬಂತು. ಅವರಿಗೆ ದೃಷ್ಟಿ ಮಂದ. ಮೂಗು, ಕಿವಿ ಮಾತ್ರ ಇಡೀ ಬೀದಿಗೆ ಸಾಲುವಷ್ಟು ಚುರುಕು.

ಒಲೆ ಒರೆಸುತ್ತ ಅವಳು ಮನಸ್ಸಿನಲ್ಲೇ ಆ ಮೂವರನ್ನು ಹುಡುಕಿದಳು. ಬ್ಲಾಗಿನ ವಿಳಾಸ ಗೊತ್ತಿದ್ದದ್ದು ಯಾರಿಗೆ? ತಿಂಗಳ ಹಿಂದೆ ಅದನ್ನು ತೆರೆದ ದಿನ, ತೆರೆಯಿತೋ ಇಲ್ಲವೋ ನೋಡಿ ಹೇಳಿ ಎಂದು ಗಂಡನಿಗೆ ಕಳಿಸಿದ್ದಳು. ಅವನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದ. ಹೆಸರಿಡುವುದಕ್ಕೇ ಅವಳಿಗೆ ಒಂದು ವಾರ ಹಿಡಿದಿತ್ತು; ಯೋಚಿಸಿದ ಹೆಸರುಗಳನ್ನೆಲ್ಲ ಯಾರೋ ಆಗಲೇ ಹಿಡಿದು ಕೂತಿದ್ದರು, ಅವರಲ್ಲಿ ಹೆಚ್ಚಿನವರು ಹೆಸರು ಹಿಡಿದದ್ದು ಬಿಟ್ಟರೆ ಒಂದು ಸಾಲೂ ಬರೆದಿರಲಿಲ್ಲ. ಬಣ್ಣ ಆರಿಸು ಎಂದಿತು. ಅಕ್ಷರದ ದಪ್ಪ ಆರಿಸು ಎಂದಿತು. ನಿಮ್ಮ ಬಗ್ಗೆ ಬರೆಯಿರಿ ಎಂದು ಒಂದು ಖಾಲಿ ಚೌಕ ಮುಂದಿಟ್ಟಿತು. ‘ನಾನು’ ಎಂದು ಬರೆದು ಅವಳು ಎರಡು ಸಂಜೆ ಕೂತಿದ್ದಳು. ಆ ಹೊತ್ತಿಗೆ ಮನೆಯವರೆಲ್ಲರ ಬಳಿಯೂ ಸಲಹೆ ತಯಾರಾಗಿತ್ತು. “ಬ್ಲಾಗಾ? ಅದೆಲ್ಲ ಹಳೇದಾಯ್ತು ಮಾರಾಯ್ತಿ, ಈಗ ಯಾರು ಓದ್ತಾರೆ, ಎಲ್ರೂ ವಿಡಿಯೋ ಮಾಡೋದು” ಎಂದು ಗಂಡ. “ಏನಾದ್ರೂ ಬರ್ಕೋಮ್ಮ, ನನ್ನ ಹಲ್ಲಿನ ಸುದ್ದಿ ಮಾತ್ರ ಎತ್ತಬೇಡ” ಎಂದು ಅತ್ತೆ. ಅವರ ಎರಡೂ ಸಾಲು ಹಲ್ಲನ್ನು ಅವಳೇ ಲ್ಯಾಬಿನಲ್ಲಿ ಕೂತು ಮಾಡಿದ್ದು, ಚುಚ್ಚುತ್ತದೆ ಎಂದು ದಿನಾ ದೂರುತ್ತ ದಿನಾ ಅದರಲ್ಲೇ ಗಟ್ಟಿ ರೊಟ್ಟಿಯನ್ನು ಕರಕರ ಅಗಿಯುವವರು. ಅವಳಿಗೆ ಬೇಕಾಗಿದ್ದದ್ದು ಬಹಳ ಸಣ್ಣದು. ಆ ಮನೆಯಲ್ಲಿ ಅವಳದೆಂಬ ಒಂದು ಮೂಲೆ ಇರಲಿಲ್ಲ. ಅವಳ ಬೀರುವಿನ ಕೆಳಗಿನ ಅರೆಯಲ್ಲಿ ಗಂಡನ ಡ್ರೈವಿಂಗ್ ಸ್ಕೂಲಿನ ಫಲಕಗಳು, ಎಡಕ್ಕೆ ತಿರುಗಬೇಡಿ, ಹಾರ್ನ್ ಮಾಡಬೇಡಿ, ಮುಂದೆ ಇಳಿಜಾರು. ಯಾರೂ ಸಾಮಾನು ತಂದಿಡದ ಒಂದು ಜಾಗ ಬೇಕಿತ್ತು, ಅಷ್ಟೆ.

ಬರೆದದ್ದಾದರೂ ಏನು? ಏನನ್ನಾದರೂ ಬರೆಯಬಹುದಿತ್ತು. ಬಸ್ಸಿನ ಬಗ್ಗೆ, ಮೋಡದ ಬಗ್ಗೆ. ಬೆರಳು ತಾನಾಗಿಯೇ ಲ್ಯಾಬಿನ ದಾರಿಯ ಆ ಏರುರಸ್ತೆಗೆ ಹೋಗಿತ್ತು. ಮದುವೆಯಾದ ಹೊಸತರಲ್ಲಿ ಗಂಡ, ಕಾರು ಕಲಿಯುವವರಿಬ್ಬರನ್ನು ಹಿಂದೆ ಕೂರಿಸಿಕೊಂಡು, ಬಾ ನಿನಗೂ ಕಲಿಸುತ್ತೇನೆ ಎಂದು ಅವಳನ್ನು ಸ್ಟೀರಿಂಗ್ ಚಕ್ರದ ಮುಂದೆ ಕೂರಿಸಿದ್ದ. ಏರಿನ ನಡುವೆ ಕಾರು ನಿಂತು ಹಿಂದಕ್ಕೆ ಜಾರಿತು. ಅವನ ಕಡೆಗೂ ಒಂದು ಬ್ರೇಕ್ ಇರುತ್ತದೆ, ಅದನ್ನು ಒತ್ತಿದ. ಒತ್ತಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಆ ಸಂಜೆಗೇ ಮರೆತುಹೋಗುತ್ತಿತ್ತು. ಅವನು ಹಿಂದಕ್ಕೆ ತಿರುಗಿ ಆ ಇಬ್ಬರಿಗೆ, “ನೋಡ್ಕೊಂಡ್ರಾ? ಹೀಗೆ ಮಾಡ್ಬಾರ್ದು” ಎಂದ. ಒಬ್ಬ ನಕ್ಕ. ಇನ್ನೊಬ್ಬ ನಗದೆ ಕಿಟಕಿಯ ಆಚೆ ನೋಡಿದ, ಅವನ ಆ ಮರ್ಯಾದೆಯೇ ಹೆಚ್ಚು ಸುಟ್ಟಿತು. ಆಮೇಲೆ ಅವಳನ್ನು ಇಳಿಸಿ ಹಿಂದೆ ಕೂರಿಸಿದ, ನಕ್ಕವನು ಸರಿದು ಜಾಗ ಕೊಟ್ಟ. ಅಂದಿನಿಂದ ಹೊಸ ಗುಂಪು ಬಂದಾಗಲೆಲ್ಲ ಆ ಏರಿನಲ್ಲಿ ಅವಳ ಕಥೆ ಹೇಳುತ್ತಾನೆ, ಪಾಠದ ಭಾಗವಾಗಿ. ಊರಲ್ಲಿ ಅರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರ ಹೆಂಡತಿ ಬಸ್ಸಿನಲ್ಲಿ ಓಡಾಡುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬರೆದಿದ್ದಳೇ? ಬರೆದಿರಲಿಲ್ಲ ಸದ್ಯ. ಬರೆದು ಅಳಿಸಿದ್ದಳು.

ತಿಂಡಿಯ ಹೊತ್ತಿಗೆ ಅನುಮಾನ ಗಟ್ಟಿಯಾಯಿತು. ಗಂಡ ಬ್ರೆಡ್ಡು ತಿಂದು ಮುಗಿಸಿ, ತಟ್ಟೆಯನ್ನು ತಾನೇ ತೆಗೆದುಕೊಂಡು ಹೋಗಿ ಸಿಂಕಿನಲ್ಲಿಟ್ಟ. ಇಟ್ಟದ್ದು ಮಾತ್ರವಲ್ಲ, ಅದರ ಮೇಲೆ ನೀರು ಬಿಟ್ಟ. ಅತ್ತೆ ಕೂಡ ಆ ಸದ್ದಿಗೆ ಕತ್ತೆತ್ತಿದರು. ಅವಳು ಪೂರ್ತಿ ಬೆವೆತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನದೆ ಅವಳ ಕೈ ಹೆಗಲ ಮೇಲಿತ್ತು. ಓದಿದ್ದಾನೆ. ಓದಿ, ನೊಂದುಕೊಂಡು, ನೊಂದದ್ದನ್ನು ತೋರಿಸದೆ ತಟ್ಟೆ ತೊಳೆಯುತ್ತಿದ್ದಾನೆ. ಇದಕ್ಕಿಂತ ಕೂಗಾಡುವುದು ವಾಸಿ. ಮತ್ತೆ ತಕ್ಷಣ ಅವಳಿಗೆ ರೇಗಿತು: ಓದಿದ್ದರೆ ಓದಿದೆ ಎನ್ನಬಾರದೇ? ಇಷ್ಟು ವರ್ಷ ನೋವಾಯಿತೇ ಎಂದು ಒಂದು ಸಲ ಕೇಳದವನು ಈಗ ಒಂದು ತಟ್ಟೆಗೆ ನೀರು ಬಿಟ್ಟು ಲೆಕ್ಕ ಚುಕ್ತಾ ಮಾಡುತ್ತಾನೋ?

“ಇವತ್ತು ನಾನೇ ಬಿಡ್ತೀನಿ ಬಾ, ಬಸ್ಸಲ್ಲಿ ಯಾಕೆ ನೇತಾಡ್ತೀಯ” ಎಂದ.

“ನಿಮಗೆ ಏಳೂವರೆ ಕ್ಲಾಸಿನವರು ಇಲ್ವಾ?”

“ಕಾಯ್ತಾರೆ ಬಿಡು.”

ಕಾರಿನಲ್ಲಿ ಅವಳು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಕಾಲಡಿಯ ಆ ಇನ್ನೊಂದು ಬ್ರೇಕಿಗೆ ಚಪ್ಪಲಿ ತಾಗದಂತೆ ಕಾಲು ಮಡಿಚಿ ಕೂತಳು. ಸಾಮಾನ್ಯವಾಗಿ ದಾರಿಯುದ್ದಕ್ಕೂ ಎದುರಿನವರ ತಪ್ಪುಗಳನ್ನು ಓದಿ ಹೇಳುವವನು, ಇವತ್ತು ಸೂಚನೆಯಿಲ್ಲದೆ ಅಡ್ಡ ಬಂದ ಬೈಕಿನವನಿಗೂ ದಾರಿ ಕೊಟ್ಟ. ಏರು ಬಂತು. ಆ ಏರಿನಲ್ಲಿ ಏನೂ ವಿಶೇಷವಿಲ್ಲ. ಒಂದು ಕಡೆ ಟೈರು ಅಂಗಡಿ, ಇನ್ನೊಂದು ಕಡೆ ಬಣ್ಣ ಕಿತ್ತುಹೋದ ಗೋಡೆ, ಕೊನೆಯಲ್ಲಿ ಸಿಗ್ನಲ್ಲು. ನೂರಾರು ಸಲ ಬಸ್ಸಿನಲ್ಲಿ ಹಾದುಹೋಗಿದ್ದಾಳೆ, ಪ್ರತಿ ಸಲವೂ ಪರ್ಸಿನಲ್ಲಿ ಏನನ್ನೋ ಹುಡುಕುವ ಹಾಗೆ ತಲೆ ತಗ್ಗಿಸಿದ್ದಾಳೆ. ಇವತ್ತು ಹುಡುಕಲು ಡಬ್ಬಿ ಮಾತ್ರ ಇತ್ತು. ಈಗ ಹೇಳುತ್ತಾನೆ ಎಂದುಕೊಂಡಳು. ಕೇಳಿದರೆ ಏನು ಹೇಳುವುದು? ‘ಸುಮ್ನೆ ಬರ್ದಿದ್ದು ರೀ, ಕಥೆ’ ಎಂದರೆ ಮುಗಿಯಿತು, ಅವನೂ ನಂಬುತ್ತಾನೆ, ನಂಬಲು ತಯಾರಾಗಿಯೇ ಇರುತ್ತಾನೆ. ಆದರೆ ಹಾಗೆಂದರೆ ಆ ದಿನ ಏನೂ ಆಗಲೇ ಇಲ್ಲ ಎಂದು ಅವಳೇ ಸಹಿ ಹಾಕಿಕೊಟ್ಟಂತೆ. ಇಷ್ಟು ವರ್ಷದಲ್ಲಿ ಅದೊಂದನ್ನು ಅವಳು ತನ್ನ ಮಾತಿನಲ್ಲಿ ಹೇಳಿದ್ದಳು. ಅದನ್ನೂ ವಾಪಸು ತೆಗೆದುಕೊಂಡರೆ ಇನ್ನು ಮುಂದೆ ಏನನ್ನೂ ಹೇಳಲಾರಳು. ಇದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಮತ್ತು ಗೊತ್ತಿದ್ದರೂ ಬಾಯಿ ‘ಕಥೆ’ ಎಂಬ ಮಾತನ್ನು ಸಿದ್ಧ ಮಾಡಿಕೊಂಡು ಕೂತಿತ್ತು. ಸಿಗ್ನಲ್ಲು ಹಸಿರಾಯಿತು. ಲ್ಯಾಬಿನ ಬಾಗಿಲಲ್ಲಿ ಅವಳು ಇಳಿಯುವಾಗ ಅವನು ಕತ್ತು ಬಗ್ಗಿಸಿ, “ಸಂಜೆ ಸ್ವಲ್ಪ ಬೇಗ ಬಾ. ನಿನ್ನ ಬ್ಲಾಗಿನ ವಿಷಯ ಮಾತಾಡ್ಬೇಕು” ಎಂದ. ಎಷ್ಟು ಮೆತ್ತಗೆ ಎಂದನೆಂದರೆ ಅವಳು ಕಾರಿನ ಬಾಗಿಲು ಹಾಕುವುದನ್ನೂ ಮರೆತು ಒಳಗೆ ನಡೆದಳು.

ಲ್ಯಾಬಿನಲ್ಲಿ ಒಂದು ಬಾಯಿ ಕಾಯುತ್ತಿತ್ತು. ಯಾರದೋ ಮೇಲಿನ ದವಡೆ, ಕೆಳಗಿನ ದವಡೆ, ಎರಡೂ ಪ್ಲಾಸ್ಟರಿನಲ್ಲಿ, ಎರಡನ್ನೂ ಕೂಡಿಸುವ ಹಿತ್ತಾಳೆಯ ಚೌಕಟ್ಟಿನ ಮೇಲೆ. ಕೆಂಪು ಮೇಣ ಕಾಯಿಸಿ, ಒಂದೊಂದೇ ಹಲ್ಲನ್ನು ಅದರಲ್ಲಿ ನಿಲ್ಲಿಸಿ, ಚೌಕಟ್ಟು ಮುಚ್ಚಿ ಕಚ್ಚಿಸಿ ನೋಡಬೇಕು. ಈ ಕೆಲಸದಲ್ಲಿ ಅವಳಿಗೆ ಯಾರ ಹಂಗೂ ಇಲ್ಲ. ಇವತ್ತು ಮಾತ್ರ ಕೋರೆಹಲ್ಲು ಮೂರು ಸಲ ಓರೆಯಾಯಿತು. ಎದುರಿನ ಮೇಜಿನಲ್ಲಿ ಪಿಂಗಾಣಿ ಹಲ್ಲಿಗೆ ಬಣ್ಣ ಕೊಡುತ್ತಿದ್ದವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಇವರನ್ನು ಲ್ಯಾಬಿನಲ್ಲಿ ಎಲ್ಲರೂ ಗುರುಗಳು ಎನ್ನುತ್ತಾರೆ. ಅವರಿಗೆ ಇಂಕ್ ಪೆನ್ನುಗಳ ಬಗ್ಗೆ ಒಂದು ಬ್ಲಾಗ್ ಇದೆ, ಬಹಳ ಹಳೆಯದು. ಆ ಒಂದು ಅರ್ಹತೆಯ ಮೇಲೆ, ತಿಂಗಳಿಂದ ಚಹಾದ ಹೊತ್ತಿಗೆಲ್ಲ ಅವಳಿಗೆ ಪಾಠ. ವಾರಕ್ಕೊಂದು ಬರೀಲೇಬೇಕು ಮೇಡಂ. ಒಂದೇ ವಿಷಯ ಹಿಡ್ಕೋಬೇಕು ಮೇಡಂ, ನಾನು ಪೆನ್ನು ಹಿಡ್ಕೊಂಡ ಹಾಗೆ. ಶೀರ್ಷಿಕೆ ನೋಡಿದ ತಕ್ಷಣ ಜನ ಬಂದು ಬೀಳ್ಬೇಕು. ಅವಳಿಗೆ ಬಂದು ಬೀಳುವ ಜನ ಬೇಕಿರಲಿಲ್ಲ ಎಂಬುದನ್ನು ಅವರಿಗೆ ತಿಳಿಸುವುದು ಹೇಗೆಂದು ಇನ್ನೂ ಹೊಳೆದಿರಲಿಲ್ಲ.

“ಸಾರ್, ಈ ಓದಿದವರು ಯಾರು ಅಂತ ಹೆಸರು ತೋರಿಸುತ್ತಾ?” ಎಂದು ಕೇಳಿದಳು. ಕೇಳಿದ್ದೇ ತಪ್ಪಾಯಿತು. ಗುರುಗಳು ಕುಂಚವನ್ನು ಕೆಳಗಿಟ್ಟರು.

“ಅಂದ್ರೆ ಶುರು ಮಾಡಿದ್ರಿ! ನೋಡಿ, ಒಂದು ಮಾತು ಹೇಳ್ದೆ ಪ್ರಕಟ ಮಾಡಿದ್ರಿ. ಇರ್ಲಿ. ಎಷ್ಟು ಜನ?”

“ಮೂರು.”

“ನೀವು ಎಷ್ಟು ಸಲ ನೋಡಿದ್ರಿ?”

ಅವಳು ನೆನೆಸಿಕೊಂಡಳು. ನಿನ್ನೆ ಬರೆದ ಮೇಲೆ, ಸರಿಯಾಗಿ ಬಂತೋ ಇಲ್ಲವೋ ಎಂದು ಒಂದು ಸಲ. ಬಟ್ಟೆ ಬೀರುವಿಗೆ ಇಟ್ಟ ಮೇಲೆ ಇನ್ನೊಂದು ಸಲ, ಯಾಕೆಂದು ಗೊತ್ತಿಲ್ಲ. ಬೆಳಿಗ್ಗೆ ಎದ್ದೊಡನೆ ಒಂದು ಸಲ.

“ಅದು ನೀವೇ ಮೇಡಂ” ಎಂದರು ಗುರುಗಳು, ದೊಡ್ಡ ರಹಸ್ಯವನ್ನು ಬಿಟ್ಟುಕೊಡುವ ಸಂತೋಷದಲ್ಲಿ. “ನಿಮ್ಮನ್ನೂ ಎಣಿಸುತ್ತೆ ಅದು. ನನ್ನನ್ನ ಎಣಿಸಬೇಡ ಅಂತ ಒಂದು ಕಡೆ ಗುರುತು ಹಾಕ್ಬೇಕು. ನಂಗೂ ಮೊದಲ ವರ್ಷ ಎಷ್ಟೊಂದು ಓದುಗರು ಅಂತೀರಿ! ಮನೆಯವಳಿಗೆ ತೋರಿಸಿದ್ದೇ ತೋರಿಸಿದ್ದು. ಆಮೇಲೆ ನೋಡಿದ್ರೆ ಎಲ್ಲಾ ನಾನೇ.” ಅವರು ನಕ್ಕರು. ನಕ್ಕದ್ದು ಕೊನೆಯಲ್ಲಿ ಸ್ವಲ್ಪ ಸಪ್ಪೆಯಾಯಿತು. “ಬೇಡ ಅನ್ಸಿದ್ರೆ ಈಗ್ಲೇ ಅಳಿಸಿಬಿಡಿ. ಯಾರೂ ನೋಡಿಲ್ಲ. ಹುಟ್ಟೇ ಇಲ್ಲ ಅಂದ್ಕೊಳ್ಳಿ” ಎಂದು ಕುಂಚ ಎತ್ತಿಕೊಂಡರು.

ಮೊದಲು ಸಮಾಧಾನವಾಯಿತು, ಬೆನ್ನು ಸಡಿಲವಾಗುವಷ್ಟು ಸಮಾಧಾನ. ಅವಳು ಕೋರೆಹಲ್ಲನ್ನು ನೆಟ್ಟಗೆ ನಿಲ್ಲಿಸಿದಳು. ಮುಂದಿನ ಹಲ್ಲು ನಿಲ್ಲಿಸುವುದರೊಳಗೆ ಆ ಸಮಾಧಾನ ಹಳಸಿತು. ಯಾರೂ ಓದಿಲ್ಲ. ಬೆಳಿಗ್ಗೆಯಿಂದ ಮೈಯೆಲ್ಲ ಬೆವರಿ, ಹಾಲು ಉಕ್ಕಿಸಿ, ಡಬ್ಬಿ ಬಿಗಿಹಿಡಿದು ಕೂತದ್ದು, ಎಲ್ಲ ತನ್ನನ್ನು ತಾನೇ ಓದಿಕೊಂಡದ್ದಕ್ಕೆ. ಆ ಮೂವರಿಗೆ ಅವಳು ಮುಖ ಕೂಡ ಕೊಟ್ಟಿದ್ದಳು; ಅವರಲ್ಲೊಬ್ಬ ಏರಿನಲ್ಲಿ ಕಿಟಕಿಯ ಆಚೆ ನೋಡಿದವನೇ ಇರಬಹುದೆಂದು, ಹೇಗೋ ವಿಳಾಸ ಸಿಕ್ಕಿ, ಓದಿ, ಹೌದು ನಾನು ಅಲ್ಲಿದ್ದೆ ಎಂದುಕೊಂಡಿರಬಹುದೆಂದು, ಎಲ್ಲೋ ಒಂದು ಮೂಲೆಯಲ್ಲಿ ಆಸೆಪಟ್ಟಿದ್ದಳು. ನಾಚಿಕೆಯಾಯಿತು. ಸಿಕ್ಕಿಬೀಳುವ ಭಯವಿತ್ತೆಂದು ತಿಳಿದಿದ್ದಳು, ಒಳಗೆ ಇದ್ದದ್ದು ಸಿಕ್ಕಿಬೀಳುವ ಬಯಕೆ. ಹಾಗಾದರೆ ಗಂಡ ಯಾಕೆ ತಟ್ಟೆ ತೊಳೆದ? ಬ್ಲಾಗಿನ ವಿಷಯ ಏನು ಮಾತಾಡಬೇಕು ಅವನಿಗೆ? ಮೇಣ ಆರಿ ಗಟ್ಟಿಯಾಗಿತ್ತು, ಮತ್ತೆ ಕಾಯಿಸಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅಳಿಸುವ ಗುಂಡಿಯನ್ನು ಹುಡುಕಿದಳು, ಅದನ್ನೂ ಎಲ್ಲೋ ಮೂರು ಚುಕ್ಕಿಗಳ ಹಿಂದೆ ಅಡಗಿಸಿಟ್ಟಿದ್ದರು. ಒತ್ತಿದಳು. ಖಚಿತವೇ ಎಂದು ಕೇಳಿತು. ಹೆಬ್ಬೆರಳು ಎಂದಿನ ಹಾಗೆ ಹೌದಿನ ಕಡೆಗೆ ಹೋಯಿತು. ಆ ಹೊತ್ತಿಗೆ ಯಾರದೋ ಚೀಲ ಅವಳ ಮೊಣಕೈಗೆ ತಾಗಿ ಬೆರಳು ಜಾರಿ ಬೇಡ ಎಂಬುದರ ಮೇಲೆ ಬಿತ್ತು. ಅದೇನೂ ಧೈರ್ಯವಲ್ಲ. ಆಮೇಲೆ ಮತ್ತೆ ಒತ್ತಬಹುದಿತ್ತು, ಒತ್ತುವ ಬದಲು ಓದಿದಳು. ಅದರಲ್ಲಿ ಒಂದು ವಾಕ್ಯ ಚೆನ್ನಾಗಿತ್ತು. ನಕ್ಕವನು ಸರಿದು ಜಾಗ ಕೊಟ್ಟಾಗ ಸೀಟು ಅವನ ಬಿಸಿಗೆ ಬೆಚ್ಚಗಿತ್ತು ಎಂದು ಬರೆದಿದ್ದಳು. ಅದು ನಿಜವಾಗಿತ್ತು, ಮತ್ತು ಬರೆಯುವ ತನಕ ಅದು ಅವಳಿಗೇ ನೆನಪಿರಲಿಲ್ಲ. ಇನ್ನೊಬ್ಬಳು ಓದುಗಾರ್ತಿ ಸೇರಿದಳಲ್ಲ ಎಂದುಕೊಂಡು ಒಬ್ಬಳೇ ನಕ್ಕಳು. ಪಕ್ಕದ ಹೆಂಗಸು ಸ್ವಲ್ಪ ದೂರ ಸರಿದಳು.

ಮನೆಯಲ್ಲಿ ಗಂಡ ಚಹಾ ಮಾಡಿ ಕಾಯುತ್ತಿದ್ದ. ಅತ್ತೆ ಸೋಫಾದ ಮೂಲೆಯಲ್ಲಿ ಟೀವಿಯ ಗಲಾಟೆಗೆ ಕಿವಿಗೊಟ್ಟು, ಲೋಟದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದ, ಅವಳು ಹಾಗೇ ಕುಡಿದಳು.

“ನೋಡು, ಹೆಂಗಸ್ರು ನಮ್ಮ ಸ್ಕೂಲಿಗೆ ಬರ್ತಾನೇ ಇಲ್ಲ” ಎಂದು ಅವನು ಶುರು ಮಾಡಿದ. “ಎಲ್ಲ ಆ ಪೆಟ್ರೋಲ್ ಬಂಕ್ ಪಕ್ಕದವನ ಹತ್ರ ಹೋಗ್ತಾರೆ. ನಾನು ಗದರ್ತೀನಿ ಅಂತ ಯಾರೋ ಹಬ್ಬಿಸಿದಾರೆ. ನೀನು ಹೆಂಗೂ ಬ್ಲಾಗ್ ಮಾಡಿದೀಯಲ್ಲ, ಮೊದಲನೇದಾಗಿ ನಮ್ಮ ಸ್ಕೂಲಿನ ಬಗ್ಗೆ ಬರೆದುಬಿಡು. ತಾಳ್ಮೆಯಿಂದ ಕಲಿಸ್ತಾರೆ ಅಂತ. ನಂಗೂ ನಮ್ಮ ಮನೆಯವ್ರೇ ಕಲಿಸಿದ್ದು, ಒಂದು ದಿನ ಗದರಿಲ್ಲ ಅಂತ, ನಿನ್ನ ಮಾತಲ್ಲೇ ಬರಿ. ಹೆಂಗಸು ಬರ್ದ್ರೆ ಹೆಂಗಸ್ರು ನಂಬ್ತಾರೆ.”

ತಟ್ಟೆಯ ಮೇಲೆ ಬಿಟ್ಟ ನೀರು ಇದಕ್ಕೆ. ಬೈಕಿನವನಿಗೆ ದಾರಿ ಕೊಟ್ಟದ್ದೂ ಇದಕ್ಕೇ.

“ನಂಗೆ ಕಾರ್ ಓಡಿಸೋಕೆ ಬರಲ್ಲ” ಎಂದಳು.

“ಅದು ಓದೋರಿಗೆ ಗೊತ್ತಾಗುತ್ತಾ?”

ಅವನು ಇದನ್ನು ಯಾವ ಕಳ್ಳತನವೂ ಇಲ್ಲದ ಮುಖದಲ್ಲಿ ಹೇಳಿದ. ಅವಳು ಅವನನ್ನೇ ನೋಡಿದಳು. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲ. ಅವಳ ಬೀರುವಿನಲ್ಲಿ ಫಲಕ ಇಟ್ಟ ಹಾಗೆಯೇ ಇದನ್ನೂ ತಂದಿಡುತ್ತಿದ್ದಾನೆ, ಜಾಗ ಖಾಲಿಯಿದೆ ಎಂದುಕೊಂಡು. ಬಾಯಿಯಲ್ಲಿ ಬೆಳಿಗ್ಗೆಯಿಂದ ಸಿದ್ಧವಾಗಿದ್ದ ‘ಕಥೆ’ ಎಂಬ ಮಾತು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ಮೊದಲನೇದು ಆಗ್ಲೇ ಬರ್ದಾಗಿದೆ. ಓದಿ” ಎಂದು ಫೋನನ್ನು ಅವನ ಕೈಗಿಟ್ಟಳು.

ಅವನು ಓದಿದ. ತುಟಿಗಳು ಅಲುಗುತ್ತಿದ್ದವು. ಮೊದಲು ಮುಖದಲ್ಲಿ ಒಂದು ನಗು ಇತ್ತು, ನನ್ನ ಬಗ್ಗೆಯೇ ಬರೆದಿದ್ದಾಳೆ ಎಂಬ ನಗು. ಅದು ಅಲ್ಲೇ ನಿಂತು, ಮರೆತು ಬಿಟ್ಟ ಸಾಮಾನಿನ ಹಾಗೆ ಸ್ವಲ್ಪ ಹೊತ್ತು ಉಳಿದು, ಹೋಯಿತು. ನಡುವೆ ಒಂದು ಕಡೆ ಅವನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಅವನಿಗೆ ಅದು ತಿಳಿಯಲಿಲ್ಲ, ಅವಳು ನೋಡಿದಳು. ಕೊನೆ ಮುಟ್ಟಿ ಮತ್ತೆ ಮೇಲಕ್ಕೆ ಹೋಗಿ ಓದಿದ.

“ಎರಡನೇ ಗೇರು ಅಂತ ಬರ್ದಿದೀಯ” ಎಂದ. “ಅದು ಎರಡನೇದಲ್ಲ, ಮೂರನೇದು. ಮೊದಲನೇದು ಹಾಕೋಕೆ ಹೋಗಿ ಮೂರನೇದಕ್ಕೆ ಹಾಕಿದ್ದೆ ನೀನು. ತಿದ್ದು.”

“ಮಿಕ್ಕಿದ್ದು?”

“ನಾನು ಏನೋ ಅಂದೆ ಅಂತ ಬರ್ದಿದೀಯಲ್ಲ, ಅದು ನಂಗೆ ನೆನಪಿಲ್ಲ. ಗೇರು ಮಾತ್ರ ಮೂರನೇದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಗೇರು ಅವನ ಕೈಯಲ್ಲಿ ಹಾಗೇ ಇದೆ, ಆ ಮಾತು ಇಲ್ಲ. ಕೋಪ ಬರಬೇಕಾದ ಜಾಗದಲ್ಲಿ ಒಂದು ಸುಸ್ತು ಬಂತು. ಫೋನು ಇಸಕೊಂಡು, ಎರಡನೇ ಎಂಬುದನ್ನು ಅಳಿಸಿ ಮೂರನೇ ಎಂದು ಹಾಕಿದಳು. ಬೇರೆ ಏನನ್ನೂ ಮುಟ್ಟಲಿಲ್ಲ.

“ಎಷ್ಟು ಜನ ಓದಿದಾರೆ ಇದನ್ನ?” ಎಂದು ಅವನು ಕೇಳಿದ. ದನಿ ಸಣ್ಣಗಾಗಿತ್ತು.

“ನೀವೊಬ್ರೇ.”

“ಹಾಗಾದ್ರೆ ಸರಿ” ಎಂದ. ಅವನ ಭುಜಗಳು ಇಳಿದವು, ಕೈ ಚಹಾದ ಲೋಟದ ಕಡೆಗೆ ಹೋಯಿತು. ಕಾರು ಎಲ್ಲಾದರೂ ತಾಗಿತೇನೋ ಎಂದು ಇಳಿದು ನೋಡಿ, ಗೀಚಿಲ್ಲ ಎಂದು ತಿಳಿದ ಮೇಲೆ ಕಲಿಯುವವರಿಗೆ ಹೇಳುತ್ತಾನಲ್ಲ, ಅದೇ ದನಿ.

“ಏನಂತೋ ಅದು?” ಎಂದು ಅತ್ತೆ ಸೋಫಾದಿಂದ ಕೇಳಿದರು.

“ಏನಿಲ್ಲಮ್ಮ. ಅವಳದೇನೋ.”

ಅವಳು ಎದ್ದು ಹೋಗಿ ಅತ್ತೆಯ ಪಕ್ಕ ಕೂತಳು. ಸೋಫಾದ ಮೇಲಿದ್ದ ರಿಮೋಟ್ ತೆಗೆದುಕೊಂಡು ಟೀವಿಯ ದನಿಯನ್ನು ಪೂರ್ತಿ ಇಳಿಸಿದಳು. ಅತ್ತೆ ಬಿಸ್ಕತ್ತು ಹಿಡಿದ ಕೈಯನ್ನು ಹಾಗೇ ಹಿಡಿದು ಅವಳ ಕಡೆಗೆ ತಿರುಗಿದರು. ಗಂಡ, “ಏ, ಅದನ್ನ ಯಾಕೀಗ…” ಎಂದು ಅರ್ಧ ಎದ್ದ. ಅವಳು ಅವನ ಕಡೆ ನೋಡಲಿಲ್ಲ. ಕಿವಿ ಮಂದವಾದವರಿಗೆ ಓದುವಷ್ಟು ಗಟ್ಟಿಯಾಗಿ, ಅತ್ತೆಯ ಕಿವಿ ಬಹಳ ಚುರುಕೆಂದು ಗೊತ್ತಿದ್ದೂ, ಮೊದಲಿನಿಂದ ಓದತೊಡಗಿದಳು: “ಆ ದಿನ ಏರಿನಲ್ಲಿ ಕಾರು ಮೂರನೇ ಗೇರಿನಲ್ಲಿ ನಿಂತುಹೋಯಿತು. ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಹಿಂದಕ್ಕೆ ತಿರುಗಿ…”